ಕ್ಲಚ್ ಆಯ್ಕೆಗೆ ಪಾರ್ಲೆಯ ರಸ್ತೆಯೇ ಅಳತೆಗೋಲು

ಫಿಯಟ್ 2015ರಲ್ಲಿ ಭಾರತಕ್ಕೆ ತಂದ ಅಬಾರ್ತ್ ಪುಂಟೊದ 1.4 ಲೀಟರ್ ಟರ್ಬೊ ಎಂಜಿನ್ನಿನ ಟಾರ್ಕ್ 212 ನ್ಯೂಟನ್ ಮೀಟರ್. ಇಂಥ ಕಾರಿಗೆ ರಿಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ನಿಯಂತ್ರಿಸುವ ತಂತ್ರಾಂಶ ಬದಲಿಸಿ, ಟಾರ್ಕ್ ಏರಿಸಿದರೆ ಹಳೆಯ ಕ್ಲಚ್ ಜಾರತೊಡಗಬಹುದು: ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಆಗ ಸಿಗುವುದರಲ್ಲೇ ಅತಿ ಗಟ್ಟಿಯಾದ ಸೆರಾಮಿಕ್ ಕ್ಲಚ್ ಹಾಕಿಸುವ ಆಸೆ ಹುಟ್ಟುತ್ತದೆ. ಮುಂಬೈನ ವಿಲೆ ಪಾರ್ಲೆಯಲ್ಲಿ ದಿನನಿತ್ಯ ಓಡುವ ಕಾರಿಗೆ ಅದು ತಪ್ಪು ಆಯ್ಕೆ ಎಂದೇ ನನ್ನ ವಾದ. ಸೆರಾಮಿಕ್ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ನಿಜ. ಆದರೆ ಥಟ್ಟನೆ ಕಚ್ಚುತ್ತದೆ. ಸಂಜೆ ಎಸ್.ವಿ. ರಸ್ತೆಯಲ್ಲಿ ತೆವಳುವಾಗ ಹಾಫ್ ಕ್ಲಚ್ ಇಲ್ಲದೆ ನಡೆಯದು. ಅಲ್ಲಿ ಕಾರು ಜಗ್ಗಾಡುತ್ತದೆ, ಫ್ಲೈವೀಲ್ ಬೇಗ ಸವೆಯುತ್ತದೆ. ತೀರಾ ಬಿಗಿಯಾದ ಪ್ರೆಷರ್ ಪ್ಲೇಟ್ ಜೊತೆಗಿದ್ದರೆ ಎಡಗಾಲೂ ಸೋಲುತ್ತದೆ, ರಿಲೀಸ್ ಬೇರಿಂಗಿನ ಮೇಲೂ ಹೊರೆ ಬೀಳುತ್ತದೆ.

ಗಟ್ಟಿ ಕ್ಲಚ್ ಹೆಚ್ಚು ಬಾಳುತ್ತದಲ್ಲ ಎನ್ನುವವರಿದ್ದಾರೆ. ರೇಸ್ ಟ್ರ್ಯಾಕಿನ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಆದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಹೊಂದುವ ಬಿಡಿಭಾಗ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಜಾಮಿಗೂ ಹೊಂದಬೇಕೆಂದಿಲ್ಲ. ಕ್ಲಚ್ ಹಿಡಿಯಬಲ್ಲ ಟಾರ್ಕನ್ನು ನಿರ್ಧರಿಸುವುದು ಒತ್ತಡ, ಘರ್ಷಣೆ ಮತ್ತು ಡಿಸ್ಕಿನ ಅಳತೆ ಒಟ್ಟಾಗಿ. ಹಾಗಾಗಿ ಸಾಮಾನ್ಯ ಕಾರುಗಳಲ್ಲಿರುವ, ಮೃದುವಾಗಿ ಕಚ್ಚುವ ಆರ್ಗ್ಯಾನಿಕ್ ಡಿಸ್ಕನ್ನೇ ಉಳಿಸಿಕೊಂಡು, ಸ್ವಲ್ಪ ಬಿಗಿಯಾದ ಪ್ರೆಷರ್ ಪ್ಲೇಟಿನಿಂದಲೂ ಹಿಡಿತ ಹೆಚ್ಚಿಸಬಹುದು. ಜಾಮಿನ ಬಿಸಿಗೆ ಆರ್ಗ್ಯಾನಿಕ್ ಸುಟ್ಟುಹೋಗದೇ ಎಂಬ ಆಕ್ಷೇಪ ಹೆಚ್ಚು ಗಂಭೀರವಾದುದು. ಸತತ ಜಾರಿಸಿದರೆ ಸುಡುತ್ತದೆ. ಮುಂದಿನ ವಾಹನದಿಂದ ಅಂತರ ಬಿಟ್ಟು, ನಿಂತಾಗ ನ್ಯೂಟ್ರಲ್‌ಗೆ ತಂದರೆ ಆ ಬಿಸಿ ಬಹಳಷ್ಟು ತಗ್ಗುತ್ತದೆ. ಖರೀದಿಗೆ ಮುನ್ನ ಡೈನೊ ಎಂಬ ಅಳತೆಯ ಯಂತ್ರದ ಮೇಲೆ ಎಂಜಿನ್ನಿನ ಗರಿಷ್ಠ ಟಾರ್ಕ್ ಅಳೆಸಿ, ಅದಕ್ಕಿಂತ ತುಸು ಹೆಚ್ಚಿನ ಸಾಮರ್ಥ್ಯದ ಕ್ಲಚ್ಚನ್ನೇ ಕೇಳಿ ಪಡೆಯಬೇಕು.