ಮಕ್ಕಳ ಬಟ್ಟೆ: ಹಳತಿಗೇಕೆ ನಾಚಿಕೆ?

ಮಕ್ಕಳಿಗೆ ಪರಿಸರಸ್ನೇಹಿ ಬಟ್ಟೆ ತೊಡಿಸಬೇಕೆಂಬ ಮಾತು ನಮ್ಮ ನಗರಗಳಲ್ಲಿ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಆದರೆ ಅದು ಬಂದ ದಾರಿ ನೋಡಿ. ಮಾಲ್‌ನ ಅಂಗಡಿಯಲ್ಲಿ ‘ಸಾವಯವ’ ಎಂಬ ಚೀಟಿ ಅಂಟಿಸಿಕೊಂಡು, ಕೂಲಿಕಾರನ ಎರಡು ದಿನದ ದುಡಿಮೆಯ ಬೆಲೆ ಹೊತ್ತು ಕುಳಿತ ಪುಟ್ಟ ಅಂಗಿಯಾಗಿ ಅದು ಬಂದಿದೆ. ಪರಿಸರದ ಕಾಳಜಿಯೂ ಉಳ್ಳವರ ಸೊತ್ತಾದರೆ ಉಳಿದವರು ಏನು ಮಾಡಬೇಕು? ನಮ್ಮ ಮಟ್ಟಿಗೆ ಉತ್ತರ ಸರಳ. ಮಗುವಿಗೆ ತೊಡಿಸಬಹುದಾದ ಅತ್ಯಂತ ಪರಿಸರಸ್ನೇಹಿ ಬಟ್ಟೆಯೆಂದರೆ, ಇನ್ನೊಂದು ಮಗು ತೊಟ್ಟು ಬಿಟ್ಟ ಬಟ್ಟೆ.

ಹುಟ್ಟಿದ ಮಗುವಿನ ತೂಕ ಒಂದೇ ವರ್ಷದಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಅಂಗಿ ಹರಿಯುವ ಮೊದಲೇ ಬಿಗಿಯಾಗುತ್ತದೆ. ದೊಡ್ಡವರ ಒಂದು ಹತ್ತಿಯ ಟೀ ಶರ್ಟಿಗೆ, ಬೆಳೆಯಿಂದ ಬಟ್ಟೆಯವರೆಗೆ, ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಮಗುವಿನ ಅಂಗಿಗೆ ನೀರು ಕಡಿಮೆ ಸಾಕು, ನಿಜ. ಆದರೆ ಅದರ ಆಯುಷ್ಯ ಇನ್ನೂ ಕಡಿಮೆ. ಹಾಗಾದರೆ ಪಾಲಿಯೆಸ್ಟರ್ ಲೇಸೇ? ಅದು ಪೆಟ್ರೋಲಿಯಂನ ಕೂಸು. ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಅದರಿಂದ ಉದುರಿ ಚರಂಡಿ ಸೇರುತ್ತವೆ, ಅಲ್ಲಿಂದ ಹೊಳೆ, ಕಡಲು. ಅದು ಬೆವರನ್ನೂ ಹೀರದು. ಸೆಕೆಗಾಲದಲ್ಲಿ ಮಿನುಗುವ ಫ್ರಾಕ್ ತೊಟ್ಟ ಮಗುವಿನ ಬೆನ್ನು ನೋಡಿದ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ.

ಬಣ್ಣದ ಕತೆ ಕೇಳಬೇಕಾದರೆ ನೆರೆಯ ತಿರುಪ್ಪೂರಿಗೆ ಹೋಗಬೇಕು. ನಮ್ಮ ಮಕ್ಕಳ ಬನಿಯನ್, ಚಡ್ಡಿಗಳು ಬಹಳಷ್ಟು ಬರುವುದು ಆ ಊರಿನಿಂದ. ಅಲ್ಲಿನ ಬಣ್ಣದ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿತು, ರೈತರ ಹೊಲಗಳನ್ನು ಹಾಳುಮಾಡಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನೆಲ್ಲ ಮುಚ್ಚಿಸಬೇಕಾಯಿತು. ತ್ಯಾಜ್ಯ ನೀರನ್ನು ಹೊರಬಿಡಕೂಡದೆಂಬ ಷರತ್ತಿನ ಮೇಲೆ ಅವು ನಂತರ ಬಾಗಿಲು ತೆರೆದವು. ಅಗ್ಗದ ಅಂಗಿಯ ಬೆಲೆಯನ್ನು ಯಾರೋ ಎಲ್ಲೋ ತೆತ್ತೇ ಇರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ಹಿರಿಯರಿಗೆ ‘ಪರಿಸರಸ್ನೇಹಿ’ ಎಂಬ ಪದ ಗೊತ್ತಿರಲಿಲ್ಲ. ಆದರೆ ಎಳೆಗೂಸಿಗೆ ಅಜ್ಜಿಯ ಹಳೆ ಸೀರೆಯಷ್ಟು ಮೆತ್ತನೆಯ ಬಟ್ಟೆ ಇಲ್ಲವೆಂದು ಗೊತ್ತಿತ್ತು. ಮುಂದಿನ ವರ್ಷಕ್ಕೂ ಆಗಲೆಂದು ಲಂಗದ ಅಂಚಿನಲ್ಲಿ ಮಡಿಕೆ ಬಿಟ್ಟು ಹೊಲಿಸುತ್ತಿದ್ದರು. ಅಣ್ಣನ ಅಂಗಿ ತಮ್ಮನಿಗೆ, ಅಲ್ಲಿಂದ ಚಿಕ್ಕಮ್ಮನ ಮಗನಿಗೆ, ಕೊನೆಗೆ ಕೌದಿಗೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಚಿಂದಿ ಬಟ್ಟೆಗಳಿಂದ ಹೊಲಿಯುವ ಕೌದಿಗಳು ಇಂದು ಕಲಾಪ್ರದರ್ಶನಗಳಲ್ಲಿವೆ. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಸೂಜಿದಾರಕ್ಕೆ ಯಾವ ಮತ?

ಹಾಗಿದ್ದ ನಾವು ಈಗೇಕೆ ನಾಚುತ್ತಿದ್ದೇವೆ? ಈದ್, ಯುಗಾದಿ, ದೀಪಾವಳಿ, ಕ್ರಿಸ್‌ಮಸ್, ಇವುಗಳಿಗೆ ಹೊಸ ಬಟ್ಟೆ ಮಕ್ಕಳ ಹಕ್ಕು. ಅದನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುವುದಿಲ್ಲ. ಆದರೆ ಪ್ರತಿ ಮದುವೆಗೆ, ಪ್ರತಿ ಹುಟ್ಟುಹಬ್ಬಕ್ಕೆ ಬೇರೆ ಬಟ್ಟೆ ಏಕೆ? ‘ಫೋಟೋದಲ್ಲಿ ಅದೇ ಫ್ರಾಕ್ ಬಂತು’ ಎಂದು ಕೊರಗುವುದು ಮಗುವಲ್ಲ, ನಾವು. ಯಾರಾದರೂ ತಮ್ಮ ಮಗುವಿನ ಬಟ್ಟೆ ಕೊಡಬಂದರೆ ಬಡವರೆಂದು ತಿಳಿದರೇನೋ ಎಂದು ಮುಖ ಗಂಟಿಕ್ಕಿಕೊಳ್ಳುತ್ತೇವೆ. ಕೊಡುವವರೂ ಕಡಿಮೆಯಿಲ್ಲ. ಗುಂಡಿ ಕಿತ್ತ, ಕಲೆಯಾದ ಬಟ್ಟೆಯನ್ನು ದಾನವೆಂದು ಕೊಟ್ಟು ಪುಣ್ಯ ಎಣಿಸುತ್ತಾರೆ. ತಮ್ಮ ಮಗುವಿಗೆ ತೊಡಿಸಲಾಗದ್ದನ್ನು ಇನ್ನೊಬ್ಬರ ಮಗುವಿಗೆ ಕೊಡುವುದು ದಾನವಲ್ಲ.

ಇನ್ನು ನಮ್ಮ ಖಾಸಗಿ ಶಾಲೆಗಳು! ವಾರಕ್ಕೆ ಎರಡು ಬಗೆಯ ಸಮವಸ್ತ್ರ, ಕೆಲವು ವರ್ಷಕ್ಕೊಮ್ಮೆ ಹೊಸ ವಿನ್ಯಾಸ, ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕೆಂಬ ಕಟ್ಟಪ್ಪಣೆ. ಪಟ್ಟಿಯ ಬಣ್ಣ ಬದಲಾದರೆ ಅಕ್ಕನ ಲಂಗ ತಂಗಿಗೆ ಬಾರದು. ವಾರ್ಷಿಕೋತ್ಸವಕ್ಕೆ ಹತ್ತು ನಿಮಿಷದ ಕುಣಿತ, ಅದಕ್ಕೊಂದು ಮಿರುಗುವ ಪಾಲಿಯೆಸ್ಟರ್ ವೇಷ. ಇದೇ ಶಾಲೆಗಳು ಜೂನ್ 5ರಂದು ಮಕ್ಕಳ ಕೈಯಲ್ಲಿ ಸಸಿ ನೆಡಿಸಿ ಫೋಟೋ ತೆಗೆಸಿಕೊಳ್ಳುತ್ತವೆ. ಇದಕ್ಕಿಂತ ದೊಡ್ಡ ಬೂಟಾಟಿಕೆ ಉಂಟೇ?

ಜನ ಕಡಿಮೆ ಕೊಂಡರೆ ದುಡಿಯುವವರ ಗತಿಯೇನು ಎಂದು ಕೇಳುವವರಿದ್ದಾರೆ. ಇಷ್ಟೊಂದು ಕೊಳ್ಳುತ್ತಿರುವಾಗ ಅವರ ಗತಿ ಏನಾಗಿದೆ? ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ತಮ್ಮ ಭವಿಷ್ಯನಿಧಿಯ ಹಣಕ್ಕಾಗಿ ಬೀದಿಗಿಳಿಯಬೇಕಾಯಿತು. 1996ರಲ್ಲಿ ಹೆಗ್ಗೋಡಿನ ಬಳಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದಲ್ಲಿ ಕೈಮಗ್ಗದ ಬಟ್ಟೆ ಮಾಡಿ ಹೆಸರಾಯಿತು. 2020ರಲ್ಲಿ ಅದಕ್ಕೂ ಆರ್ಥಿಕ ಸಂಕಷ್ಟ ಬಂತು. ಹತ್ತು ಅಗ್ಗದ ಅಂಗಿಗಳ ಬದಲು ನೇಕಾರರ ಎರಡು ಅಂಗಿ ಕೊಂಡರೆ ಹಣವೂ ಉಳಿದೀತು, ಕೈಮಗ್ಗವೂ ಉಳಿದೀತು.

ನಾವು ಕೇಳುವುದು ದೊಡ್ಡದೇನಲ್ಲ. ಶಾಲೆಗಳು ಸಮವಸ್ತ್ರವನ್ನು ಹತ್ತು ವರ್ಷ ಬದಲಿಸದಿರಲಿ. ಪರೀಕ್ಷೆ ಮುಗಿದ ದಿನ ಚಿಕ್ಕದಾದ ಸಮವಸ್ತ್ರಗಳ ವಿನಿಮಯಕ್ಕೆ ಒಂದು ಕೊಠಡಿ ತೆರೆದಿಡಲಿ. ಮೊಹಲ್ಲಾಗಳಲ್ಲಿ, ಕೇರಿಗಳಲ್ಲಿ ಹಬ್ಬಕ್ಕೆ ಮೊದಲು ಒಗೆದು, ಇಸ್ತ್ರಿ ಮಾಡಿದ ಬಟ್ಟೆಗಳು ಮನೆಯಿಂದ ಮನೆಗೆ ಹೋಗಲಿ. ಸ್ಥಿತಿವಂತರು ತಾವೂ ಪಡೆದುಕೊಂಡು ಮೊದಲ ಹೆಜ್ಜೆಯಿಡಲಿ. ಬಡವನ ಮಗು ಹಳೆ ಅಂಗಿ ತೊಡುವುದು ಈ ನಾಡಿಗೆ ಹೊಸತಲ್ಲ. ಶ್ರೀಮಂತನ ಮಗುವೂ ಅದನ್ನು ತೊಟ್ಟು ಹಬ್ಬಕ್ಕೆ ಬಂದ ದಿನ ಆ ನಾಚಿಕೆ ತಾನಾಗಿ ಹೋದೀತು.