ಎಂಜಿನ್ ಸಿಗುತ್ತದೆ, ವೈರಿಂಗ್ ನಕ್ಷೆ ಸಿಗುವುದಿಲ್ಲ

ಮೈಸೂರು–ಮಡಿಕೇರಿ ಹೆದ್ದಾರಿ ಬದಿಯ ಗ್ಯಾರೇಜುಗಳಿಗೆ ಎಂಜಿನ್ ಬದಲಿಸುವುದು ಹೊಸ ಕೆಲಸವೇನಲ್ಲ. ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪು, ಶುಂಠಿ ಹೊತ್ತು ಸವೆದ ಗಾಡಿಗೆ ಗುಜರಿಯಿಂದ ತಂದ ಎಂಜಿನ್ ಕೂರಿಸಿದರೆ ಇನ್ನಷ್ಟು ವರ್ಷ ಓಡುತ್ತದೆ ಎಂಬುದು ಇಲ್ಲಿನ ಲೆಕ್ಕಾಚಾರ. ಆದರೆ ಈಗ ಎಂಜಿನ್ ಇಳಿಸಿ ಹತ್ತಿಸುವುದು ಎರಡು ದಿನದ ಕೆಲಸವಾದರೆ, ಅದರ ವೈರು ಸೇರಿಸುವುದಕ್ಕೆ ಎರಡು ವಾರ ಹಿಡಿಯಬಹುದು.

ಹಳೆಯ ಜೀಪಿನ ಡೀಸೆಲ್ ಎಂಜಿನ್‌ಗೆ ಕರೆಂಟ್ ಬೇಕಿದ್ದುದು ಸ್ಟಾರ್ಟರ್‌ಗೆ, ಹೀಟರ್ ಪ್ಲಗ್‌ಗೆ, ಒಂದೆರಡು ಮೀಟರ್‌ಗಳಿಗೆ ಅಷ್ಟೆ. ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ಕಾಮನ್‌ರೈಲ್ ಎಂಜಿನ್ ಹಾಗಲ್ಲ. ಇಂಜೆಕ್ಟರ್ ಯಾವ ಕ್ಷಣಕ್ಕೆ ತೆರೆಯಬೇಕೆಂದು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದಕ್ಕೆ ಕ್ರ್ಯಾಂಕ್, ಕ್ಯಾಮ್, ರೈಲ್ ಪ್ರೆಷರ್, ಆಕ್ಸಿಲರೇಟರ್ ಪೆಡಲ್ ಹೀಗೆ ಹತ್ತಾರು ಕಡೆಯಿಂದ ಸುದ್ದಿ ಬರಬೇಕು. ಆ ಸುದ್ದಿ ಹೊರುವ ವೈರುಗಳ ಕಂತೆಯೇ ಹಾರ್ನೆಸ್. ಗ್ಯಾರೇಜಿನ ಭಾಷೆಯಲ್ಲಿ ವೈರಿಂಗ್ ಕಿಟ್. 2020ರ ಏಪ್ರಿಲ್‌ನಲ್ಲಿ ಬಿಎಸ್–6 ಬಂದ ಮೇಲೆ ಈ ಕಂತೆ ಇನ್ನೂ ದಪ್ಪವಾಗಿದೆ.

ಗುಜರಿಯಲ್ಲಿ ಎಂಜಿನ್ ಬಿಚ್ಚುವವರು ಅವಸರಕ್ಕೆ ಕಪ್ಲರ್ ತೆಗೆಯದೆ ಕಟರ್ ಹಾಕಿಬಿಟ್ಟರೆ ಅರ್ಧ ಬೆಲೆ ಅಲ್ಲೇ ಹೋಯಿತು. ಕತ್ತರಿಸಿದ ವೈರನ್ನು ಕೈಯಲ್ಲೇ ತಿರುಚಿ ಟೇಪ್ ಸುತ್ತಿದರೆ ಹೆಡ್‌ಲೈಟ್ ಉರಿಯಬಹುದು, ಸೆನ್ಸರ್ ಸರಿಯಾಗಿ ಓದುವುದಿಲ್ಲ. ಸೆನ್ಸರ್‌ಗಳು ಸಾಮಾನ್ಯವಾಗಿ 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಸಡಿಲ ಜಾಯಿಂಟ್ ಒಂದಿಷ್ಟು ವೋಲ್ಟೇಜ್ ತಿಂದರೂ ಇಸಿಯುಗೆ ಸುಳ್ಳು ಲೆಕ್ಕ ಹೋಗುತ್ತದೆ. ಸರಿಯಾದ ವಿಧಾನವೆಂದರೆ ಅದೇ ದಪ್ಪದ ವೈರು, ಕ್ರಿಂಪ್ ಮಾಡಿದ ಜಾಯಿಂಟ್, ಮೇಲೆ ಹೀಟ್‌ಶ್ರಿಂಕ್ ಟ್ಯೂಬ್. ಜಾಯಿಂಟ್‌ಗಳೆಲ್ಲ ಒಂದೇ ಜಾಗದಲ್ಲಿ ಗುಂಪಾಗಬಾರದು. ಒಂದೆರಡು ವೈರು ತುಂಡಾಗಿದ್ದರೆ ರಿಪೇರಿ ಸಾಕು. ಇಲಿ ಅಲ್ಲಲ್ಲಿ ಕಡಿದಿದ್ದರೆ (ಅದಕ್ಕೆ ವೈರಿನ ರುಚಿ ಹಿಡಿಸಿದ್ದು ಹೇಗೋ!), ಒಳಗಿನ ತಾಮ್ರ ಹಸಿರುಗಟ್ಟಿದ್ದರೆ, ಶಾಖಕ್ಕೆ ಮೇಲಿನ ಪ್ಲಾಸ್ಟಿಕ್ ಒಡೆದಿದ್ದರೆ ಇಡೀ ಕಿಟ್ ಬದಲಿಸುವುದೇ ಕ್ಷೇಮ. ಶಾರ್ಟ್ ಆಗಿ ಹೊತ್ತಿಕೊಂಡ ಗಾಡಿಗೆ ರಿಪೇರಿ ಇಲ್ಲ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಕಾರಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವುದು ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಬಸ್ ಎಂಬ, ಒಂದಕ್ಕೊಂದು ಹೆಣೆದ ಜೋಡಿ ವೈರಿನ ಮೂಲಕ. ಅದರ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, ಸ್ಕ್ಯಾನರ್ ಚುಚ್ಚುವ ಸಾಕೆಟ್‌ನ 6 ಮತ್ತು 14ನೇ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಎಲ್ಲೋ ಒಂದು ಕಡೆ ಜೋಡಿ ತುಂಡಾಗಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಸೇರಿಲ್ಲ. ಸಮಾನಾಂತರ ರೆಸಿಸ್ಟರ್‌ಗಳ ಈ ಲೆಕ್ಕವನ್ನು ಪಿಯುಸಿಯಲ್ಲೇ ಬಿಡಿಸಿದ್ದೇವೆ. ಬಿಇಗೆ ಬಂದ ಮೇಲೂ ಕಾರಿನ ಹಾರ್ನೆಸ್ ಒಂದನ್ನು ಮೇಜಿನ ಮೇಲೆ ಹರಡಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಕೆಲಸ ಕಲಿತರೂ ಯಾವ ಪಿನ್‌ಗೆ ಯಾವ ವೈರು ಎಂಬ ನಕ್ಷೆ ಬೇಕಲ್ಲ. ಅದು ಕಂಪನಿಯ ಸರ್ವೀಸ್ ಸೆಂಟರ್ ದಾಟಿ ತಾಲ್ಲೂಕು ಗ್ಯಾರೇಜಿಗೆ ಬರುವುದು ಅಪರೂಪ. ಮೊಬೈಲಿಂದ ಮೊಬೈಲಿಗೆ ಹೋಗುವ ಮಸುಕು ಫೋಟೊಗಳೇ ಆಧಾರ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ವಿಷಯಕ್ಕೆ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ, ಪರೀಕ್ಷಾ ಉಪಕರಣ, ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂದಿತ್ತು. ಪ್ರಕರಣ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿ, ವಾಹನ ಕ್ಷೇತ್ರವನ್ನೂ ಸೇರಿಸಿ, ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಇಂಥ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡುವ ಕಾನೂನಿಗೆ 2012ರಲ್ಲೇ ಒಪ್ಪಿಗೆ ಕೊಟ್ಟಿದ್ದರು. ಕಡ್ಡಾಯ ಮಾಡುವುದಕ್ಕೂ ಪೋರ್ಟಲ್ ತೆರೆಯುವುದಕ್ಕೂ ವ್ಯತ್ಯಾಸವಿದೆ.

ಮಾಹಿತಿ ಬಿಟ್ಟುಕೊಟ್ಟರೆ ಕಳ್ಳರಿಗೆ ಅನುಕೂಲ ಎಂದು ಹೇಳುವವರಿದ್ದಾರೆ. ಕೀಲಿ ಗುರುತಿಸುವ ಇಮ್ಮೊಬಿಲೈಸರ್ ಕೋಡ್ ಮಟ್ಟಿಗೆ ಆ ಮಾತು ನಿಜ. ಆದರೆ ರೈಲ್ ಪ್ರೆಷರ್ ಸೆನ್ಸರ್‌ನ ಮೂರು ವೈರು ಎಲ್ಲಿಗೆ ಹೋಗುತ್ತವೆಂದು ತಿಳಿದ ಕಳ್ಳ ಏನು ಕದ್ದಾನು?

ಹಾಗೆಂದು ಯಾವ ಎಂಜಿನ್ ಬೇಕಾದರೂ ಕೂರಿಸಬಹುದು ಎಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿ ನಮೂದಾದ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಮೇಕ್, ಅದೇ ಮಾದರಿಯ ಎಂಜಿನ್ ಆದರೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮಾ ಕಂಪನಿ ಮೊದಲು ನೋಡುವುದು ಆ ನಂಬರನ್ನೇ.

ಕೆಲಸ ಹುಡುಕುತ್ತಿರುವವರು ಒಂದು ಸಂಗತಿ ಗಮನಿಸಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಲ್ಲಿನ ಹಾರ್ನೆಸ್ ಕಾರ್ಖಾನೆಗಳು ನಿಂತು, ಜರ್ಮನಿಯ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಘಟಕಗಳೂ ಕೆಲಸ ನಿಲ್ಲಿಸಿದವು. ರೋಬೊಗಳಿಂದ ತುಂಬಿದ ಕಾರು ಉದ್ಯಮದಲ್ಲಿ ಬಳುಕುವ ವೈರನ್ನು ಹಲಗೆಯ ಮೇಲೆ ಹಾಸಿ ಕಟ್ಟುವುದು ಇಂದಿಗೂ ಬಹುಪಾಲು ಮನುಷ್ಯರ ಕೈಕೆಲಸ. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಹೋಗುತ್ತದೆ, ವೈರು ಹೋಗುವುದಿಲ್ಲ. ನೂರಾರು ವೋಲ್ಟ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಬೇರೆ ಸೇರಿಕೊಳ್ಳುತ್ತದೆ. ಅದನ್ನು ಟೆಸ್ಟ್ ಲ್ಯಾಂಪ್ ಹಿಡಿದು ಅಂದಾಜಿನಲ್ಲಿ ಮುಟ್ಟುವ ಹಾಗಿಲ್ಲ. ಆ ಗಾಡಿಗಳು ನಮ್ಮ ತಾಲ್ಲೂಕಿನ ಗ್ಯಾರೇಜುಗಳಿಗೆ ರಿಪೇರಿಗೆ ಬರುವ ಮೊದಲೇ ನಕ್ಷೆ ಅಲ್ಲಿಗೆ ತಲುಪಿರಬೇಕು.