ಸಂಚಿಯ ಅಡಕತ್ತರಿ

ಕಳೆದ ಯುಗಾದಿಗೆ ಕತ್ತಲಗೆರೆಯ ನೆಂಟರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಮೂವರು ಹಿರಿಯರು ಸಂಚಿ ಬಿಚ್ಚಿ, ಒಬ್ಬರ ಅಡಕತ್ತರಿಯನ್ನು ಇನ್ನೊಬ್ಬರು ಪಡೆದು ಅಲಗಿನ ಹರಿತ ನೋಡುತ್ತಿದ್ದರು. ಒಂದಕ್ಕೆ ಗಿಣಿಯಾಕಾರದ ಹಿತ್ತಾಳೆಯ ಹಿಡಿ. ಮತ್ತೊಂದು ಬರಿಯ ಕಬ್ಬಿಣದ್ದು, ಸವೆದು ತೆಳುವಾದದ್ದು. ಹೆಚ್ಚಿನ ಮೆಚ್ಚುಗೆ ದೊರೆತದ್ದು ಸವೆದದ್ದಕ್ಕೆ.

ಪರದೇಶಗಳಲ್ಲಿ ಕಿಸೆಯ ಚಾಕುವನ್ನು ಗೆಳೆಯರಿಗೆ ತೋರಿಸಿ ಹಿಗ್ಗುವವರಿದ್ದಾರೆ. ನಮ್ಮ ಕೊಡವರು ಮದುವೆ ಹಬ್ಬಗಳಲ್ಲಿ ಸೊಂಟಕ್ಕೆ ಪೀಚೆಕತ್ತಿ ಧರಿಸುತ್ತಾರೆ. ಚನ್ನಗಿರಿಯ ಈ ಅಡಿಕೆಯ ಸೀಮೆಯಲ್ಲಿ ಹಿರಿಯರೊಡನೆ ದಿನವೂ ಇರುವ ಅಲಗೆಂದರೆ ಅಡಕತ್ತರಿಯೇ. ಅದನ್ನಿಡುವ ಸಂಚಿಗೆ ಸಾಹಿತ್ಯದಲ್ಲಿಯೂ ಸ್ಥಾನವುಂಟು: 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನೇ 'ಹದಿಬದೆಯ ಧರ್ಮ'ವನ್ನು ರಚಿಸಿದವಳು.

"ಇನ್ನು ಇವನ್ನೆಲ್ಲ ಗಾಜಿನ ಬೀರುವಿನಲ್ಲಿಡಬೇಕು, ಮಾವ" ಎಂದ ನನ್ನ ಸೋದರಳಿಯ. ಅವನ ಮಾತು ನಿರಾಧಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಮೆಲ್ಲುವ ಚಟವನ್ನು ನಾನು ಸಮರ್ಥಿಸಲಾರೆ.

ಆದರೆ ಚಟ ಬಿಡಬೇಕೆಂದು ಅಲಗನ್ನೂ ಬಿಡಬೇಕೆ? ಒಣಕೊಬ್ಬರಿಯ ಹೋಳಿಗೂ ಅದು ಒದಗೀತು. ಬೀರುವಿನಲ್ಲಿಟ್ಟ ಮೇಲೆ ಅದರ ಹರಿತವನ್ನು ನೋಡುವವರಾರು? ಹೀಗೆ ಕೇಳುವ ನನ್ನ ಮೇಜಿನ ಖಾನೆಯಲ್ಲಿಯೇ ತಂದೆಯವರ ಅಡಕತ್ತರಿ ಹತ್ತು ವರ್ಷಗಳಿಂದ ತುಕ್ಕು ಹಿಡಿದು ಬಿದ್ದಿದೆ. ಮುಂದಿನ ಸಲ ಅದನ್ನು ಕತ್ತಲಗೆರೆಗೆ ಒಯ್ದು, ಆ ಹಿರಿಯರ ಕೈಗೆ ಕೊಡುವೆನು. ಸಾಣೆ ಹಿಡಿಯುವ ಬಗೆಯನ್ನು ಅವರಿಂದಲೇ ನಾನು ಕಲಿಯಬೇಕಾಗಿದೆ.